ಮೊದಲ ಬೊಗಸೆ

ಬುಧವಾರ ಲೈನ್ ರಿಪೇರಿ, ಸಂಜೆ ಆರರ ತನಕ ಕರೆಂಟಿಲ್ಲ.
ಗಿರಣಿ ಬಾಗಿಲಿಗೆ ಚೀಟಿ ಅಂಟಿಸಿ
ರೆಪ್ಪೆ ಮೇಲಿನ ಹಿಟ್ಟು ತೊಳೆದು
ಮಕ್ಕಳನ್ನು ಕರಕೊಂಡು ಹೊರಟೆ.
ದಸರಾ ರಜೆಗೆ ಇಂಚರಳ ಮೇಷ್ಟ್ರು ಕೊಟ್ಟ ಬರವಣಿಗೆ:
‘ಯುದ್ಧಕಾಲ. ಎರಡು ಪುಟ. ಸ್ವಂತ ಕಲ್ಪನೆ.’
ದುರ್ಗದಲ್ಲೇ ಹುಟ್ಟಿ, ದುರ್ಗದಲ್ಲೇ ಲಗ್ನವಾಗಿ
ರಂಗಯ್ಯನ ಬಾಗಿಲ ಮ್ಯೂಸಿಯಮ್ಮಿಗೆ
ನಾನೂ ಕಾಲಿಟ್ಟದ್ದು ಅವತ್ತೇ ಮೊದಲು.

ಒಳಗೆ ತಂಪು. ಹಳೆಯ ಸುಣ್ಣದ ವಾಸನೆ.
ಗಾಜಿನ ಹಿಂದೆ ಕತ್ತಿಗಳು ಮಲಗಿದ್ದವು
ಆಸ್ಪತ್ರೆಯವರ ಹಾಗೆ, ಸಾಲಾಗಿ.
ಕಾವಲಿನ ಪಾಲಯ್ಯ ಸ್ಟೂಲಿನಿಂದ ಏಳದೆ
‘ಮುಟ್‌ಬ್ಯಾಡ್ರಿ’ ಅಂದ, ಯಾರೂ ಮುಟ್ಟುವ ಮೊದಲೇ.
ಚಿರಂತ, ಆರು ವರ್ಷ, ಗುಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ:
‘ಇದು ಎಷ್ಟು ಕೆಜಿ?’
ಚೀಟಿಯಲ್ಲಿ ಶತಮಾನವಿತ್ತು, ತೂಕವಿರಲಿಲ್ಲ.
ಹದಿನಾರು ವರ್ಷ ತಕ್ಕಡಿ ಹಿಡಿದವಳು,
ಕಣ್ಣಲ್ಲೇ ತೂಗಿದೆ:
‘ಐದೂವರೆ. ನಮ್ಮನೆಯ ಒಂದು ವಾರದ ಜೋಳ.’
ಇಂಚರ ಅದನ್ನು ಬರಕೊಂಡಳು.
ಕತ್ತಿ ಬಿಟ್ಟಳು, ಈಟಿ ಬಿಟ್ಟಳು,
ಒನಕೆಯ ಚಿತ್ರದ ಮುಂದೆ ನಿಲ್ಲಲೂ ಇಲ್ಲ.
‘ಅದನ್ನ ಕ್ಲಾಸಲ್ಲಿ ನಲವತ್ತು ಜನ ಬರೀತಾರಮ್ಮ.’

ಆಮೇಲೆ ಕೋಟೆ. ಟಿಕೆಟ್ಟು, ಉಪ್ಪು ಖಾರದ ಸೌತೆಕಾಯಿ,
ಚಿರಂತನ ಕಾಲುನೋವು.
ಮದ್ದು ಬೀಸುವ ಕುಣಿಯ ಅಂಚಿಗೆ ಬಂದು ನಿಂತ್ವಿ.
ಕೆಳಗೆ ನಾಲ್ಕು ಕಲ್ಲು, ಒಂದೊಂದೂ
ತಿರುಗುವುದನ್ನು ಮರೆತು ಕೂತ ಮುದುಕರ ಥರ.
ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು:
‘ಇದಕ್ಕೂ ಯಾರೋ ಉಳಿ ಹಿಡಿದು ಕಲ್ಲು ಕುಟ್ಟಿರಬೇಕು.
ನುಣುಪಾದ ಕಲ್ಲು ಬೀಸೋದಿಲ್ಲ.’
ಪೆನ್ಸಿಲ್ಲು ನಿಂತಿತು. ‘ಯಾರು?’
ನನಗೇನು ಗೊತ್ತು.
ನಮ್ಮ ಗಿರಣಿಗಾದರೆ ಹಿರಿಯೂರಿನ ಬಾಷಾ ಸಾಬು ಬರುತ್ತಾರೆ,
ಆರು ತಿಂಗಳಿಗೊಮ್ಮೆ, ಸೈಕಲ್ಲಿನ ಮೇಲೆ.

ಅವಳು ಬರೆದದ್ದು ನಾನು ಓದಿದ್ದು ಶನಿವಾರ,
ಒಂದು ಕಣ್ಣು ಪುಸ್ತಕದಲ್ಲಿ, ಒಂದು ಕಿವಿ ಬೆಲ್ಟಿನಲ್ಲಿ:

‘ನಮ್ಮೂರಿನಲ್ಲಿ ಎರಡು ಸದ್ದು.
ಮನೆಯೊಳಗೆ ಜೋಳದ ಕಲ್ಲು, ಗುಡ್ಡದೊಳಗೆ ಮದ್ದಿನ ಕಲ್ಲು.
ರಾತ್ರಿ ಕಣ್ಣು ಮುಚ್ಚಿದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ.
ಅಪ್ಪ ಕಪ್ಪಾಗಿ ಬರುತ್ತಾನೆ. ಅಮ್ಮ ಬೆಳ್ಳಗಿರುತ್ತಾಳೆ.
ನೀರು ಕಡಿಮೆ, ಒಂದೇ ಚೊಂಬಿನಲ್ಲಿ
ಇಬ್ಬರ ಮುಖವನ್ನೂ ನಾನೇ ತೊಳೆಯುತ್ತೇನೆ.
ಕೆಳಗೆ ಬಿದ್ದ ನೀರು ಬೂದಿಯ ಬಣ್ಣ.
ಯುದ್ಧ ಮುಗಿಯಿತು ಅಂದರು. ಯಾರು ಗೆದ್ದರೋ,
ನಾನು ಆಗ ಬಟ್ಟೆ ಒಗೆಯುತ್ತಿದ್ದೆ.
ಮದ್ದು ಬೇಡವಾಯಿತು. ಕಲ್ಲು ಬೇಡವಾಗಲಿಲ್ಲ.
ಊರಿನವರು ಅದಕ್ಕೇ ಜೋಳ ಸುರಿದರು.
ಮೊದಲ ಬೊಗಸೆ ಚೆಲ್ಲಬೇಕು, ಅಮ್ಮ ಹೇಳಿದ್ದಾಳೆ,
ಮೆಣಸಿನಕಾಯಿ ಬೀಸಿದ ಮೇಲೆ ಗೋಧಿಗೂ ಹಾಗೇ,
ಹಿಂದಿನದರ ಘಾಟು ಇರುತ್ತದೆ.
ಮೊದಲನೆಯದು ಚೆಲ್ಲಿದರು. ಘಾಟು.
ಎರಡನೆಯದು ಚೆಲ್ಲಿದರು. ಹೀಗೇ’

ಅಲ್ಲೊಂದು ಪದದಷ್ಟು ಜಾಗ ಖಾಲಿ, ಮುಂದೆ
‘ಬೊಗಸೆ ಚೆಲ್ಲಿದ ಮೇಲೆ ಅಮ್ಮ ರೊಟ್ಟಿ ತಟ್ಟಿದಳು.’

‘ಎಷ್ಟು ಬೊಗಸೆ ಅಮ್ಮಾ?’ ಬೆಲ್ಟಿಗಿಂತ ಜೋರಾಗಿ ಕೂಗಿದಳು,
‘ಸರಿಯಾಗಿ ಹೇಳು, ಪೆನ್ನಲ್ಲಿ ಬರೀಬೇಕು.’
ಗುಂಡು ನೋಡಿ ಐದೂವರೆ ಅಂದವಳು ನಾನು,
ಬಿಸಿ ಹಿಟ್ಟಿನ ಕೆಳಗೆ ಅಂಗೈ ಹಿಡಿದು ನಿಂತೆ.
ಮುಂದೆ ಮೂರು ಚೀಲ ಸರದಿಯಲ್ಲಿದ್ದವು.
‘ಜಾಗ ಬಿಟ್ಟಿರು,’ ಅಂದೆ, ‘ಆಮೇಲೆ ಹೇಳ್ತೀನಿ.’

ಶಾಲೆ ತೆರೆಯಿತು. ಪುಸ್ತಕ ವಾಪಸ್ಸು ಬಂದಿದೆ:
ಹತ್ತಕ್ಕೆ ಆರು. ಕೆಳಗೆ ‘ವೀರರು ಎಲ್ಲಿ?’
ಆ ಖಾಲಿ ಜಾಗಕ್ಕೆ ಮೇಷ್ಟ್ರು
ಕೆಂಪಲ್ಲಿ ಒಂದು ಸುತ್ತು ಹಾಕಿದ್ದಾರೆ.
ಈಗಷ್ಟೇ ಅಂಕಿ ಕಲಿತ ಚಿರಂತ
ಬೆರಳಿಟ್ಟು ಓದಿದ:
‘ಹೀಗೇ ಸೊನ್ನೆ ಬೊಗಸೆ.’