ಹನ್ನೊಂದು ಕ್ಯಾಬೇಜು

ಮಂಗಳವಾರ ಷಟರ್ ಇನ್ನೂ ಅರ್ಧ ಏರಿರತೈತಿ,
ಬಗ್ಗಿಕೊಂಡ ಒಳಗ ಬರ್ತಾನ ಯೂಅನ್ ರಾಟ್ರೇ:
ಹನ್ನೊಂದು ಕ್ಯಾಬೇಜು, ಆರು ಕಟ್ಟು ಸೆಲರಿ, ನಾಕು ಕಲ್ಲಂಗಡಿ.
ಕ್ಯಾಬೇಜು ಬಾಡಿದ್ರೂ ನಡೀತೈತಿ, ಮಿಸೆಸ್ ಹುಲಕೋಟಿ,
ಸೆಲರಿ ಮಾತ್ರ ಮುರದ್ರ ಲಟಕ್ ಅನಬೇಕು.

ಡಂಡೀದಾಗ, ಈ ಲಾಖೀ ರಸ್ತೆದಾಗ
ಹತ್ತೊಂಬತ್ತು ವರ್ಷ ತಕ್ಕಡಿ ಹಿಡದೇನಿ.
ಖಾನಾವಳಿ ಐತೇನಪಾ ನಿಂದು? ಇಲ್ಲ.
ಮೊಲ ಸಾಕೀಯೇನು? ಅದೂ ಇಲ್ಲ.
ರಾಕ್ಷಸರನ್ನ ಕೊಲ್ತೀನಿ, ಅಂದ,
ಚಿಲ್ಲರೆ ಎಣಿಸ್ಕೋತ.

ಒಂದ ಆಯಿತಾರ ಕರಕೊಂಡ ಹೋದ.
ಒಂದು ಕಾಲಕ್ಕ ಗೋಣಿತಟ್ಟು ನೇಯ್ದ ಗಿರಣಿ,
ಅದರ ನೆಲಮಾಳಗ್ಯಾಗ ಅವನ ಖೋಲಿ;
ಗ್ವಾಡಿಗೆಲ್ಲಾ ಹಳೇ ಗಾದಿ ಬಡದಾನ,
ಕೆಮ್ಮಿದ್ರ ಕೆಮ್ಮು ಬಿದ್ದಲ್ಲೇ ಸಾಯ್ತೈತಿ.

ಆಟ ತೋರಿಸಿದ. ಅಯ್ಯ ಶಿವನೇ.
ಒಬ್ಬಾವ. ಕೈಯಾಗ ಬಂದೂಕು, ಅದರ ಹಿಂದ ನೀನು,
ನಿನ್ನ ಮಾರಿ ನಿನಗ ಕಾಣಂಗಿಲ್ಲ.
ಓಡು, ಜಿಗಿ, ಸುಡು, ಓಡು,
ಕೊಂಬಿನವ, ಮೂರು ಬಾಯಿನವ, ಹೊಟ್ಟ್ಯಾಗ ಗರಗಸ ಇದ್ದಾವ,
ಒಬ್ಬ ಸತ್ರ ಅವನ ಹೆಣದ ಮ್ಯಾಲಿಂದ ಏಳು ಮಂದಿ.
ನಿಂತಿ ಅಂದ್ರ ಸತ್ತಿ.
ಜೀವ ಸೋರಾಕ ಹತ್ತಿತಂದ್ರ ಹಿಂದ ಸರಿಯೂದಲ್ಲ,
ವೈರಿ ಎದಿಗೇ ಹೋಗಿ ಬೀಳಬೇಕು,
ನಿನ್ನ ಔಷಧಿ ಅವನ ಮೈಯಾಗ ಐತಿ.

ಹಸಿ ಅರಿವ್ಯಾಗ ಸೆಲರಿ ಸುತ್ತಿ ತಿರುವಿದ: ಅದು ಕುತ್ತಿಗಿ.
ಬೂಟು ಹಾಕ್ಕೊಂಡು ಕ್ಯಾಬೇಜಿನ ಮ್ಯಾಲ ಕುಣದ: ಪಕ್ಕೆಲುಬು.
ಕಲ್ಲಂಗಡಿಗೆ ಕೊಡತಿ ಎತ್ತಿದ.

ತಡಿ, ಅಂದೆ.
ಇದು ಹಣ್ಣಾಗೇತಿ, ಬರೇ ಪಚಕ್ ಅಂತೈತಿ. ತಲಿ ಹಂಗ ಒಡಿಯಂಗಿಲ್ಲ.
ನಾಕೂ ಬೆರಳಿಲೆ ಬಡದ ನೋಡಿದೆ,
ಮೂರನೇದು ಒಳಗ ಬಿಗಿ ಇತ್ತು.
ಹೊಡಿ.
ಕಿವ್ಯಾಗಿನ ಯಂತ್ರ ತಗದು ನನ್ನ ನೋಡಿದ,
ಕೂಸು ಹುಟ್ಟಿದ್ದು ನೋಡಿದಾಂಗ.

ಆಮ್ಯಾಲ ಅಂದ: ಕಡೀ ರಾಕ್ಷಸಗ ದನಿ ಸಿಕ್ಕಿಲ್ಲ.
ಒಂಟಿ, ಹಂದಿ, ಕೆಟ್ಟ ಲಿಫ್ಟು, ಎಲ್ಲಾ ನೋಡಿದೆ.
ನೀವು ದಿನಾ ಮುಂಜಾನೆ ಆ ಕಡಲಹಕ್ಕಿಗೆ ಒದರ್ತೀರಲ್ಲ,
ದ್ರಾಕ್ಷಿ ಕದಿಯೂದಕ್ಕ,
ಅದನ್ನ ಒಮ್ಮೆ.

ನಾಚಿಕಿ ಬಂತು. ಮೈಕಿನ ಮುಂದ ಹಕ್ಕಿ ಇಲ್ಲ, ದ್ರಾಕ್ಷಿ ಇಲ್ಲ.
ಕಣ್ಣು ಮುಚ್ಚಿ ಒದರಿದೆ:
ನಿನ್ನ ಬಾಯಾಗ ಮಣ್ಣ ಬೀಳ್ಲಿ!

ಅದನ್ನ ನಾಕು ಪಟ್ಟು ನಿಧಾನ ಮಾಡಿದ, ಬಾವಿಗೆ ಇಳಿಸಿದ.
ಈಗ ಎಲ್ಲೆಲ್ಲಿಯ ಹುಡುಗೂರೋ ಬೆವತ ಕೈಲೆ ಹೊಡಿತಾರ,
ಮೂರು ಮಾಳಗಿ ಎತ್ತರದ ಆ ದೈತ್ಯ
ಮೈಮ್ಯಾಲ ಬರೂವಾಗೂ, ಬೀಳೂವಾಗೂ
ಗದಗಿನ ಕನ್ನಡದಾಗ ಶಾಪ ಹಾಕ್ತಾನ.
ಯಾರಿಗೂ ತಿಳಿಯಂಗಿಲ್ಲ. ಬರೇ ಗರ್ಜನೆ ಅಂತಾರ.

ನಾನೂ ಆಡಿದೆ. ಹದಿನೇಳು ಸಲ ಸತ್ತು
ಅವನ ತನಾ ಮುಟ್ಟಿದೆ. ಬಂದೂಕಿನ ತುಂಬ ಗುಂಡು.
ಬಾಯಿ ತಗದ.
ನನ್ನ ದನಿ ಅಲ್ಲ ಅದು, ನಿಧಾನ ಮಾಡಿದ್ರ ನಮ್ಮವ್ವಂದು,
ನಳದ ಸಾಲಿನ್ಯಾಗ ಕೊಡ ಕುಕ್ಕಿ ಬೈತಿದ್ಲಲ್ಲ, ಅದೇ ಎಳೆತ.
ಕೇಳ್ಕೋತ ನಿಂತುಬಿಟ್ಟೆ.
ಹದಿನೆಂಟು.

ಮಂಗಳವಾರ. ಹಕ್ಕಿ ಬಂದು ಕುಂತೈತಿ,
ಹಳದಿ ಕಣ್ಣು, ದ್ರಾಕ್ಷಿ ಕಡೆ ಒಂದು ಹೆಜ್ಜಿ.
ಒದರಲಿಲ್ಲ. ಆಟ ಕಲಿಸಿದಾಂಗ
ಸೀದಾ ಅದರ ಎದಿಗೇ ಹೋದೆ.
ಇಡೀ ಗೊಂಚಲು ಎತ್ತಿಕೊಂಡು ಹಾರಿತು.

ಯೂಅನ್ ಬಗ್ಗಿಕೊಂಡ ಒಳಗ ಬಂದ.
ಎರಡನೇ ಭಾಗಕ್ಕ ಕುಂಬಳಕಾಯಿ ಬೇಕಂತ.
ಅದನ್ನ ಒಡಿಯೂದು ನನಗ ಬಿಡು, ಅಂದೆ.