ಪಿಯಾನೊ ಬಂದ ದಾರಿ

ವಾಲ್ಪರೈಸೊ ಬಂದರಿನಲ್ಲಿ
ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದವನು ನಾನು.
ಎರಡು ಬೆರಳಿನ ಸನ್ನೆಗೆ
ಹದಿನೆಂಟು ಟನ್ನಿನ ಪೆಟ್ಟಿಗೆ
ಹೆಜ್ಜಾರ್ಲೆಯ ಕೊಕ್ಕಿನ ಮೀನಿನಂತೆ ಮೇಲೇಳುತ್ತಿತ್ತು.
ಒಂದು ದಿನ ಸರಪಳಿ ತುಂಡಾಯಿತು. ಅಷ್ಟೇ.
ಆ ಕತೆ ಬೇಡ, ಎಲ್ಲರೂ ಅದನ್ನೇ ಕೇಳುತ್ತಾರೆ.

ಕೇಳಬೇಕಾದ್ದು ಇದು:
ಬೊಲೇರೊ ಕಛೇರಿಗೆ ಹತ್ತೊಂಬತ್ತು ಮೆಟ್ಟಿಲು.

ಹಮಾಲರ ಸಂಘದ ಹಳೇ ಸಭಾಂಗಣ.
ಕಟ್ಟುವಾಗ ನನ್ನಪ್ಪನೂ ಕಲ್ಲು ಹೊತ್ತಿದ್ದನಂತೆ,
ಕೂಲಿಯಿಲ್ಲದೆ, ಭಾನುವಾರಗಳಲ್ಲಿ.
ಹೊತ್ತ ಕಲ್ಲೆಲ್ಲ ಈಗ ನನ್ನೆದುರು ಮೆಟ್ಟಿಲಾಗಿ ನಿಂತಿದೆ.
ಈ ಊರಲ್ಲಿ ಬೆಟ್ಟಕ್ಕೇ ಲಿಫ್ಟು ಉಂಟು:
ಹಳಿಯ ಮೇಲೆ ಕಿರುಗುಟ್ಟುತ್ತ ಏರುತ್ತದೆ ಮರದ ಗೂಡು
ಮುದುಕಿಯರು, ಈರುಳ್ಳಿ ಚೀಲ, ನಾಯಿ ಸಮೇತ.
ಹಾಡಿಗೆ ಮಾತ್ರ ಇಲ್ಲ.

ಟಿಕೆಟ್ ಕೊಳ್ಳುವಾಗ ಫೋನಿನಲ್ಲಿ ವಿಚಾರಿಸಿದ್ದೆ.
"ಏನೂ ಯೋಚಿಸಬೇಡಿ," ಎಂದಿತ್ತು ಒಂದು ಎಳೆಯ ದನಿ,
"ನಮ್ಮ ಹುಡುಗರು ನಾಲ್ವರಿದ್ದಾರೆ, ಎತ್ತಿಕೊಂಡು ಬರುತ್ತಾರೆ."

ನಾಲ್ವರು ಹೊರುವುದು ಎರಡನ್ನೇ,
ಹೆಣವನ್ನು, ಇಲ್ಲ ದೇವರನ್ನು.
ಜೂನ್ ತಿಂಗಳಲ್ಲಿ ಬೆಸ್ತರು ಸಂತ ಪೇದ್ರೊನನ್ನು
ದೋಣಿಗೆ ಹೊತ್ತೊಯ್ಯುವುದನ್ನು ನೋಡಿದ್ದೇನೆ.
ಅವನು ಮರದವನು.
ಅವನ ಕಂಕುಳಿಗೆ ಯಾರೂ ಕೈ ಹಾಕುವುದಿಲ್ಲ,
ಕಾಲಿಗೆ ಕಟ್ಟಿದ ಉಚ್ಚೆಯ ಚೀಲ
ಜಾರೀತೆಂಬ ಭಯ ಅವನಿಗಿಲ್ಲ.
ಹೋದ ಚಳಿಗಾಲ, ಹನ್ನೆರಡನೇ ಮೆಟ್ಟಿಲಲ್ಲಿ
ಹೊತ್ತವರಲ್ಲೊಬ್ಬ ಸೀನಿದ.
ಆಮೇಲೆ ಇಡೀ ಕಛೇರಿ
ನನ್ನ ಕೈ ಕುರ್ಚಿಯ ಹಿಡಿಯನ್ನು ಬಿಡಲಿಲ್ಲ,
ಚಪ್ಪಾಳೆಗೂ.

ಈ ಸಲ ಬಾಗಿಲಲ್ಲೇ ಚಕ್ರಕ್ಕೆ ಬ್ರೇಕು ಹಾಕಿ ಕೇಳಿದೆ:
"ಒಳಗೆ ಪಿಯಾನೊ ಇದೆಯೇ?"
"ಇದೆ. ಸ್ಯಾಂಟಿಯಾಗೊದಿಂದ ಬೆಳಿಗ್ಗೆ ಬಂತು."
"ತೂಕ?"
"ಮುನ್ನೂರ ಎಂಬತ್ತು ಕಿಲೊ ಇದ್ದೀತು."
"ನಾನು ಅರವತ್ತೆಂಟು, ಕುರ್ಚಿ ಹದಿನಾಲ್ಕು.
ಅದು ಬಂದ ದಾರಿ ತೋರಿಸಿ."

ಹುಡುಗರು ಮುಖ ಮುಖ ನೋಡಿಕೊಂಡರು.
ನನ್ನ ಜೊತೆ ಬಂದ ನೆರೆಮನೆಯ ನೋಲ್ಫಾ
ಶಾಲಿನ ಅಂಚು ಕಚ್ಚಿ ನಗು ತಡೆದಳು.

ಬೆಟ್ಟದ ಊರಲ್ಲವೇ, ಹಿಂಬದಿಯ ಓಣಿ
ಮುಂಬಾಗಿಲಿಗಿಂತ ಎರಡಾಳು ಎತ್ತರ.
ಮೀನಂಗಡಿಯ ಐಸು ಕರಗಿದ ನೀರು,
ತಗಡಿನ ಬಾಗಿಲು, ಅದಕ್ಕೆ ಒರಗಿದ ಎರಡು ಹಲಗೆ,
ಹಲಗೆಯ ಮೇಲೆ ಮೊಳೆ ಹೊಡೆದ ಕಂಬಳಿ:
ಪಿಯಾನೊಗೆ ನೋವಾಗಬಾರದಲ್ಲ!
ಯಾರ ಕೈಯೂ ಇಲ್ಲದೆ, ನಾನೇ
ಚಕ್ರ ತಿರುವುತ್ತ ತಿರುವುತ್ತ ಏರಿದೆ.

ಹೋಗಿ ನಿಂತದ್ದು ವೇದಿಕೆಯ ಹಿಂದೆ.
ಅಲ್ಲಿಂದ ಸಭೆಗೆ ಇಳಿಯಲು ಮತ್ತೆ ಮೂರು ಮೆಟ್ಟಿಲು.
ನೋಲ್ಫಾ ಇಳಿದುಹೋದಳು.
ಅವಳ ಪಕ್ಕದ ಸೀಟಿನಲ್ಲಿ
ನನ್ನ ಕೋಟು ಕುಳಿತು ಹಾಡು ಕೇಳಿತು.

ನನಗೆ ಕಂಡದ್ದು ಹಾಡಿನ ಬೆನ್ನು.
ಹಾಡುವವಳು ಊದಿದ ಕಾಲನ್ನು ಬೂಟಿನಿಂದ ಹೊರಗೆಳೆದು
ಹಿಮ್ಮಡಿಯಿಂದ ನೆಲದ ತಂಪು ಹುಡುಕುತ್ತಿದ್ದಳು.
ಉಡುಪಿನ ಹೊಲಿಗೆ ಬಿಟ್ಟಲ್ಲಿ ಪಿನ್ನು.
ತಾರಕಕ್ಕೆ ಏರುವ ಮುನ್ನ
ಅವಳ ಪಕ್ಕೆಲುಬು ಬಾಗಿಲಿನಂತೆ ಅಗಲವಾಗುತ್ತಿತ್ತು.
ಮುಗಿದಾಗ ಎಲ್ಲರೂ ನನ್ನತ್ತಲೇ ತಿರುಗಿ ಚಪ್ಪಾಳೆ ತಟ್ಟಿದರು,
ಅವಳು ಅವರಿಗೆ ಬಾಗಿದಳು.

"ಎಂಥ ಅದೃಷ್ಟ ನಿನ್ನದು, ಅಷ್ಟು ಹತ್ತಿರ!" ಎಂದರು ಆಮೇಲೆ.
ಇರಬಹುದು.
ಆದರೆ ನಾನು ಟಿಕೆಟ್ ಕೊಂಡಿದ್ದು ಮುಖಕ್ಕೆ.

ಹೊರಡೋಣವೆಂದರೆ ಹಲಗೆಗಳಿಲ್ಲ.
ಪಿಯಾನೊ ಹೋಗುವುದು ನಾಳೆ ಹತ್ತಕ್ಕೆ ಎಂದು
ವ್ಯಾನಿನವನು ಅವನ್ನು ಬೇರೆ ಕೆಲಸಕ್ಕೆ ಒಯ್ದಿದ್ದ.
ನೋಲ್ಫಾ ಅವನನ್ನು ಹುಡುಕಿಕೊಂಡು ಹೋದಳು,
ಹುಡುಗರು ಕುರ್ಚಿ ಮಡಿಚುತ್ತಿದ್ದರು, ನನ್ನದೊಂದನ್ನು ಬಿಟ್ಟು.

ಒಂದು ಬಲ್ಬಿನ ಕೆಳಗೆ ನಾವಿಬ್ಬರೂ ಉಳಿದೆವು.
ಎಡತುದಿಯ ಕೀಲಿ ಒತ್ತಿದೆ,
ಹಡಗು ಬಂದರು ಬಿಡುವಾಗಿನ ದನಿ.
ಅದು ಅಡಗುವವರೆಗೆ
ಮೇಲಿನ ತೊಲೆಗಳನ್ನೇ ನೋಡುತ್ತಿದ್ದೆ:
ಗಟ್ಟಿಯಿವೆ, ಓಕ್ ಮರ.
ಒಂದು ರಾಟೆ, ಹದಿನೈದು ಮೀಟರ್ ಹಗ್ಗ,
ಈ ಕಡೆ ನಾನು, ಆ ಕಡೆ ಎಂಬತ್ತೆರಡು ಕಿಲೊ ಮರಳು...
ಹಳೇ ಅಭ್ಯಾಸ, ಬೇರೇನಲ್ಲ.