ಮೂರನೆಯ ಸೀಟು

ಅಪ್ಪ ಲುಡ್ವಿಕ್ ಗ್ರಾಬೋವಿಚ್, ಹ್ಯಾಮ್‌ಟ್ರಾಮ್ಕಿನವನು,
ಕಾರು ಮಾಡುತ್ತಿದ್ದ, ಮಣ್ಣಿನಲ್ಲಿ.
ಕಂದು ಮಣ್ಣು, ಒಲೆಯಲ್ಲಿ ಕಾಸಿ ಮೆತ್ತಬೇಕು,
ಗಂಧಕದ ನಾತ.
ಭಾನುವಾರ ಬಲಿಪೂಜೆಗೆ ಮೊದಲು ಅಮ್ಮ
ಅವನ ಉಗುರುಗಳನ್ನು ಬಟ್ಟೆ ಬ್ರಷ್ಷಿನಲ್ಲಿ ಉಜ್ಜುವಳು:
ನರಕದಿಂದ ನೆಟ್ಟಗೆ ಬಂದವನ ಹಾಗೆ ನಾರುತ್ತೀಯ,
ಪಾದ್ರಿಗೆ ಏನು ಹೇಳಲಿ?

ಸ್ಟುಡಿಯೋದ ಬೀಗದೊಳಗೆ ಆ ವರ್ಷ
ನಾಳೆಯ ಕಾರು ತಯಾರಾಗುತ್ತಿತ್ತು.
ಜೆಟ್ಟಿನ ಮೂತಿ, ಶಾರ್ಕಿನ ರೆಕ್ಕೆ,
ನೆತ್ತಿಯ ಮೇಲೆ ಗಾಜಿನ ಗುಳ್ಳೆ.
ಬಾಯಿ ಬಿಡುವುದಿಲ್ಲವೆಂದು ಅಪ್ಪ ಸಹಿ ಹಾಕಿದ್ದ.
ಬಿಡಲಿಲ್ಲ. ಆದರೆ ಊಟದ ಮೇಜಿನಲ್ಲಿ
ಆಲೂಗಡ್ಡೆಯ ಮುದ್ದೆಯನ್ನು ಹೆಬ್ಬೆರಳಿಂದ ತೀಡಿ ತೀಡಿ
ಒಂದು ಬಾಲ ಎತ್ತುತ್ತಿದ್ದ.
ಏಳು ಮಕ್ಕಳು ಆ ಗುಟ್ಟನ್ನು
ಗ್ರೇವಿ ಸಮೇತ ತಿಂದೆವು.

ಮನೆಯ ಗಾಡಿ ಬೇರೆ.
ನಲವತ್ತೊಂಬತ್ತರ ವ್ಯಾಗನ್, ಮೈಯೆಲ್ಲ ನಿಜವಾದ ಮರ,
ಪ್ರತಿ ಏಪ್ರಿಲ್ಲಿಗೆ ವಾರ್ನಿಷ್ ಕುಡಿಯುತ್ತಿತ್ತು.
ಒಂದು ವಸಂತ, ಹಿಂಬಾಗಿಲ ಸಂದಿಯಲ್ಲಿ
ಅಣಬೆ ಎದ್ದಿತು, ಬೆರಳುದ್ದ, ಬಿಳಿ ಟೋಪಿ.
ಅಮ್ಮ ಮುಟ್ಟಗೊಡಲಿಲ್ಲ.
ಅಪ್ಪ ಮಂಡಿಯೂರಿ ಬಹಳ ಹೊತ್ತು ನೋಡಿದ:
'ಈ ಬಾಗು ಯಾರು ಕಲಿಸಿದರು ಇದಕ್ಕೆ?'

ಪ್ರದರ್ಶನದ ದಿನ ನಮ್ಮನ್ನೂ ಕರೆದೊಯ್ದ.
ತಿರುಗುವ ತಟ್ಟೆಯ ಮೇಲೆ ಬೆಳ್ಳಿ ಬಣ್ಣದ ಕಾರು,
ಪಕ್ಕದಲ್ಲಿ ಮೊಣಕೈವರೆಗೆ ಗವಸು ತೊಟ್ಟ ಹೆಂಗಸು,
ಮೈಕಿನ ದನಿ: ಎಂಬತ್ತನೇ ಇಸವಿಗೆ ಎಲ್ಲರೂ ಇದರಲ್ಲೇ!
ತಮ್ಮ ಟ್ಯಾಡಿ ಹಗ್ಗದಡಿ ನುಸುಳಿ, ಬಗ್ಗಿ, ಕೂಗಿದ:
'ಇದಕ್ಕೆ ಎಂಜಿನ್ನೇ ಇಲ್ಲ!'
ಜನ ನಕ್ಕರು. ನಿಜಕ್ಕೂ ಇರಲಿಲ್ಲ.
ಹಿಂದಿನ ರಾತ್ರಿ ಎಂಟು ಜನ, ಬರೀ ಕಾಲುಚೀಲದಲ್ಲಿ,
ತಳ್ಳಿ ತಂದಿದ್ದರು. ಅಪ್ಪ ಎಡ ರೆಕ್ಕೆಯ ಬಳಿ.
ನಾನು ಕೇಳಿದ್ದು ಬೇರೆ:
'ಎರಡೇ ಸೀಟು. ನಾವೆಲ್ಲಿ ಕೂರೋದು?'
ಅಪ್ಪ ಟೋಪಿ ತೆಗೆದ,
ಮತ್ತೆ ಹಾಕಿಕೊಂಡ.

ಮೂರನೆಯ ವರ್ಷ ಮೇಲಿನಿಂದ ಚೀಟಿ ಬಂತು.
ಗುಜರಿ ಅಂಗಳ, ಸುತ್ತಿಗೆ, ಸಾಕ್ಷಿಗೆ ಒಬ್ಬರ ಸಹಿ.
ಕುಂಬಾರನಿಗೆ ವರುಷ; ದೊಣ್ಣೆಗೆ ಆ ದಿನ
ಕಾಫಿ ವಿರಾಮ ಸೇರಿ ನಲವತ್ತು ನಿಮಿಷ.
ಸಹಿ ಅಪ್ಪನದೇ.
ಬಂದು ಬೂಟು ಬಿಚ್ಚುತ್ತ ಹೇಳಿದ:
'ಪುಡಿಯಾದದ್ದು ಫೈಬರು. ಮಣ್ಣು ಹಾಗಲ್ಲ,
ಅದು ಒಣಗುವ ಜಾತಿಯದಲ್ಲ.
ಆ ರೆಕ್ಕೆಯನ್ನು ಎಂದೋ ಕೆರೆದು, ಕಾಸಿ
ಈ ವರ್ಷದ ವ್ಯಾಗನ್ನಿನ ಬಾಗಿಲು ಮಾಡಿದ್ದೇವೆ.'

ಆ ವ್ಯಾಗನ್ನನ್ನೇ ಕೊಂಡೆವು, ನೌಕರರ ರಿಯಾಯಿತಿಯಲ್ಲಿ.
ಬಾಗಿಲ ಮೇಲೆ ಮರ. ಮರವಲ್ಲ, ಮರದ ಪಟ,
ಅಂಟಿಸಿದ್ದು. ಅಣಬೆ ಏಳುವ ಹಾಗಿಲ್ಲ.
ಆದರೆ ಕಟ್ಟಕಡೆಗೆ ಮೂರನೆಯ ಸೀಟು,
ಹಿಂದಕ್ಕೆ ಮುಖ.
ಉಳಿದವರು ಸೇರುವ ಊರು ನೋಡುವಾಗ
ಟ್ಯಾಡಿ, ರೋಸಾಲಿ, ನಾನು ಬಿಟ್ಟ ಊರು ನೋಡುತ್ತಿದ್ದೆವು:
ಟೊಲೀಡೋದ ಹೊಗೆಗೊಳವೆ ಕುಗ್ಗಿ ಬೆಂಕಿಕಡ್ಡಿ,
ಬೆಂಕಿಕಡ್ಡಿ ಕುಗ್ಗಿ ಏನೂ ಅಲ್ಲ.
ಹಿಂದೆ ಬರುವ ಲಾರಿಯತ್ತ ಮುಷ್ಟಿ ಎತ್ತಿ
ಇಲ್ಲದ ಹಗ್ಗ ಜಗ್ಗಿದರೆ
ಡ್ರೈವರ್ ಭೋಂ ಎಂದು ಹಾರನ್ ಕೊಡುವನು.
ಅಪ್ಪ ಬೆಚ್ಚುವನು. ಪ್ರತಿ ಸಲ.

ಎಂಬತ್ತು ಬಂತು, ಹೋಯಿತು.
ನೆತ್ತಿಯ ಮೇಲೆ ಗುಳ್ಳೆ ಬರಲಿಲ್ಲ.

ಅಪ್ಪ ಹೋದದ್ದು ಒಂದು ಫೆಬ್ರವರಿ, ಉದ್ದನೆಯ ಕಪ್ಪು ಗಾಡಿಯಲ್ಲಿ.
ಅದೂ ವ್ಯಾಗನ್ನೇ, ಇಸ್ತ್ರಿ ಮಾಡಿದ್ದು.
ತಲೆ ಮುಂದಕ್ಕೆ, ಪಾದ ನಮ್ಮ ಕಡೆಗೆ.
ಎದ್ದು ಕೂತಿದ್ದರೆ ಅವನಿಗೂ ಕಾಣುತ್ತಿದ್ದದ್ದು
ಬಿಟ್ಟ ರಸ್ತೆ, ಉಪ್ಪು ತಿಂದ ಹಿಮ,
ಬೆನ್ನು ಹತ್ತಿದ ಕಾರುಗಳು.
ಮೊದಲನೆಯದು ನನ್ನದು.
ಜೋಸೆಫ್ ಕ್ಯಾಂಪೋ ಬೀದಿಯ ಕೆಂಪು ದೀಪದಲ್ಲಿ
ಸ್ಟೀರಿಂಗಿನ ನಡುವೆ ಅಂಗೈ ಇಟ್ಟು
ಒಮ್ಮೆ, ಉದ್ದಕ್ಕೆ, ಒತ್ತಿದೆ.

ಮುಂದೆ ಕೂತ ಪಾದ್ರಿ ಹೊರಳಿ ನೋಡಿದರು.
ಬೆಚ್ಚಬೇಕಾದವನು ಬೆಚ್ಚಲಿಲ್ಲ.